ಅಕ್ಕನ ಹೊಸ ಮಾಸ್ಕು

ಅಕ್ಕಾ,

ನೀನು ಹಾಯಾಗಿ ಮಲಗಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಬನಶಂಕರಿ ಬಸ್ಸು ಹಿಡಿಯಬೇಕು, ಹೊರಟೆ.

ಇಡ್ಲಿ ಒಂದೇ ಇಟ್ಟಿದ್ದೇನೆ. ತೂಕ ಇಳಿಸುವ ಆಪರೇಷನ್ ಆದ ಹೊಟ್ಟೆ, ನಿಧಾನವಾಗಿ ಅಗಿದು ತಿನ್ನು. ನೀರು ಜೊತೆಯಲ್ಲಿ ಬೇಡ, ಆಮೇಲೆ ಕುಡಿ.

ಉಸಿರಿನ ಮೆಷಿನ್ನಿನ ಹೊಸ ಮಾಸ್ಕನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಮಧ್ಯಾಹ್ನ ಒಂದು ಗಳಿಗೆ ಅಡ್ಡಾದರೂ ಹಾಕಿಕೊಳ್ಳಲೇಬೇಕು. ಮೆಷಿನ್ನನ್ನು ಮತ್ತೆ ಮಂಚದ ಕೆಳಗೆ ತಳ್ಳಿದರೆ ನನ್ನ ಕೈಲಿ ಬೈಸಿಕೊಳ್ಳುತ್ತೀಯ.

ಇಷ್ಟು ತೂಕ ಇಳಿದ ಮೇಲೂ ಗೊರಕೆ ಮರಳಿ, ನಿದ್ದೆಯಲ್ಲಿ ಉಸಿರು ಕಟ್ಟತೊಡಗಿದಾಗ, "ಹೊಟ್ಟೆ ಕುಯ್ಸ್ಕೊಂಡಿದ್ದೆಲ್ಲ ದಂಡ ಆಯ್ತು ಕಣೇ" ಎಂದು ನೀನು ಅತ್ತಿದ್ದೆಯಲ್ಲ. ನನಗೂ ಹಾಗೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ನಿನ್ನೆ ಡಾಕ್ಟರು, "ನಿಮ್ಮ ಮುಖ ಸಣ್ಣಗಾಗಿದೆ ಅಮ್ಮಾ, ಮಾಸ್ಕ್ ಮಾತ್ರ ಹಳೇ ಸೈಜು. ಗಾಳಿಯೆಲ್ಲ ಪಕ್ಕದಿಂದ ಸೋರಿಹೋಗ್ತಿದೆ, ಬೇರೇನೂ ಇಲ್ಲ" ಅಂದರು. ನಿನಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ಬಂತು, ನೀನು ನೋಡಲಿಲ್ಲ.

ಪಾತ್ರೆ ತೊಳೆದಿಲ್ಲ, ಗೊಣಗಬೇಡ. ನಿನ್ನ ಉಸಿರಿಗೆ ಕಿವಿಗೊಡದೆ ನಾನು ಮಲಗಿ ಎಷ್ಟು ಕಾಲವಾಗಿತ್ತೋ! ಇವತ್ತು ಅಲಾರಂ ಹೊಡೆದದ್ದೂ ಕೇಳಿಸಲಿಲ್ಲ. ಹಾಲಿನವನು ಬಾಗಿಲು ಬಡಿದಾಗಲೇ ಎಚ್ಚರವಾದದ್ದು.

ಇಂದ್ರಾಣಿ