ಕಾಲು ಮುಂದಾಗಿ ಹುಟ್ಟಿದವಳು

ಅವ್ವ,

ಹೋದ ಭಾನುವಾರ ಪಕ್ಕದ ಮನೆಯ ಚಿಕ್ಕತಾಯತ್ತೆ ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗಿದಳು. "ಬೆನ್ನು ಉಳುಕಿ ಮೂರು ತಿಂಗ್ಳಾಯ್ತು. ಕಾಲು ಮುಂದಾಗಿ ಹುಟ್ಟಿದೋರು ಒದ್ರೆ ಓಯ್ತದಂತಲ್ಲ, ಒಂದ್ಸಲ ಒದ್ಬುಡವ್ವ" ಅಂದಳು.

ನಾನು ಕಾಲೆತ್ತಲಿಲ್ಲ. ಸಂಜೆ ಜ್ವರ ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದಳು. ಮಾರನೆಯ ದಿನವೇ ದೇವಲಾಪುರದಲ್ಲಿ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಕೀವು ತೆಗೆದರು. ಇವತ್ತು ರಿಪೋರ್ಟು ಬಂತು. ಬೆನ್ನುಮೂಳೆಯ ಟಿಬಿ.

"ಕೆಮ್ಮೇ ಇಲ್ವಲ್ಲ ಸಾ, ಅದೆಂಗೆ ಟಿಬಿ?" ಎಂದು ಅತ್ತೆ ಡಾಕ್ಟರನ್ನು ಕೇಳಿದಳು. ಎರಡು ಕಾಲೂ ಸ್ವಾಧೀನ ತಪ್ಪಿ ಮಲಗಿದ್ದಾಗ ನೀನು ಕೇಳಿದ್ದೂ ಇದನ್ನೇ. ಆಗ ತಡವಾಗಿತ್ತು. ಅತ್ತೆಗೆ ತಡವಾಗಿಲ್ಲವಂತೆ. ಒಂದು ವರ್ಷ ಬಿಡದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅವತ್ತು ಯಾಕವ್ವ ನೀನು ಒದೀನಿಲ್ಲ?"

ನಾನು ಟಿಕೆಟ್ಟು ಮಡಚುತ್ತಾ ಕೂತಿದ್ದೆ.

ನಿನ್ನ ಬೆನ್ನಿಗೆ ಒಂಬತ್ತು ಭಾನುವಾರ ಒದ್ದಿದ್ದೇನೆ. ಒಂಬತ್ತು ಸಲವೂ ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಈಗ ಅಗುರಾಯ್ತು ಕಣಮ್ಮಿ" ಅಂದಿದ್ದೆ.