ಬೆನ್ನಿಗೆ ನೀರು

ಬಂಗಾಳಿ ಜ್ಯೇಷ್ಠ 2, ಬೆಳಗ್ಗೆ

ಕಮಿಟಿ ಕೊಡುತ್ತೇನೆ ಎಂದದ್ದು: ಹೆಣ್ಣಿನ ವಿರಹ ಹಾಡುವ ನಮ್ಮ ಕಡೆಯ ಭಾವೈಯಾ ಹಾಡಿನ ಉತ್ಸವದಲ್ಲಿ ನಮ್ಮ ಹೆಂಗಸರ ತಂಡಕ್ಕೆ ಸ್ಟೇಜು. ಮೈಕು. ನಮ್ಮ ಹಾಡು, ನಮ್ಮ ಬಾಯಲ್ಲೇ.

ಕೊಡದೇ ಹೋದದ್ದು: ಸ್ಟೇಜು. ಮೈಕು. ಬಾಯಿ.

ಹಾಡನ್ನು ಮಾತ್ರ ಇಟ್ಟುಕೊಂಡರು. ಪಟ್ಟಣದ ಗಾಯಕನೊಬ್ಬ ಹಾಡುತ್ತಾನಂತೆ. ಅದೂ ಒಂದು ಸಾಲು ಕಿತ್ತುಹಾಕಿ. ತಂಡದ ಹಿರಿಯಳು ಝಲೇಶ್ವರಿ ಅಜ್ಜಿ ಕಟ್ಟಿದ ಸಾಲು —

ಮರಳುದಿಬ್ಬದ ಎಮ್ಮೆಗಾರ, ಹಗಲೆಲ್ಲ ಎಮ್ಮೆಗಳ ಬೆನ್ನು ತೊಳೆಯುತ್ತೀಯ, ನನ್ನ ಬೆನ್ನಿಗೆ ನೀರಿಲ್ಲವೇನೋ?

ಅಸಹ್ಯವಂತೆ. ಸೆಕ್ರೆಟರಿ ದ್ವಿಜೇನ್ ಬಾಬು ಹಾಗೆಂದರು. ಗಂಡಸು ಹೆಣ್ಣುದನಿಯಲ್ಲಿ ಅತ್ತರೆ ಕಲೆ. ಹೆಂಗಸು ತನ್ನ ದನಿಯಲ್ಲೇ ಕೇಳಿದರೆ ನಡತೆಗೇಡು.

ಒಲೆ ಮೇಲೆ ಅನ್ನ ಸೀದಿತು. ಸೀಯಲಿ.

ಜ್ಯೇಷ್ಠ 3, ಮಧ್ಯಾಹ್ನ

ಮಳೆಯಿಲ್ಲ. ಸೆಣಬಿನ ಸಸಿ ಬಾಡಿ ಮಲಗಿವೆ. ತೋರ್ಸಾ ನದಿ ಬಿಸಿಲಲ್ಲಿ ಕರಗಿ ಮರಳು ಯಾವುದು, ನೀರು ಯಾವುದು ತಿಳಿಯದು. ಬಟ್ಟೆ ಒಗೆಯಲು ಹೋದವಳು ಸುಮ್ಮನೆ ಕೂತೆ. ದೂರದಲ್ಲಿ ಎಮ್ಮೆಗಳು... ಯಾರದೋ ಒದ್ದೆ ಬೆನ್ನು. ಮುಖ ಕಾಣಲಿಲ್ಲ. ನನ್ನವನು ಕೇರಳದಲ್ಲಿ ದುಡಿಯುತ್ತಿದ್ದಾನೆ, ಅದು ಅವನ ಬೆನ್ನಲ್ಲ. ಆದರೂ ನೋಡಿದೆ. ನೆರಳು ತಿರುಗುವವರೆಗೂ.

ಮಹಿಳಾ ಸಂಘದ ಮೆರವಣಿಗೆಯಲ್ಲಿ ಬೀದಿ ನಡುಗುವಂತೆ ಘೋಷಣೆ ಕೂಗುತ್ತೇನೆ. ನನಗೇನು ಬೇಕು ಅನ್ನುವ ಒಂದೇ ಒಂದು ಸಾಲು ಬಾಯಿಗೆ ಬರಲಿಲ್ಲ.

ಜ್ಯೇಷ್ಠ 9, ಸಂಜೆ

ದ್ವಿಜೇನ್ ಬಾಬು ಅಜ್ಜಿಯ ಅಂಗಳಕ್ಕೆ ಬಂದರು. ಊರಿನ ಪರವಾಗಿ. ಮಳೆದೇವರು ಹುದುಮನ ಪೂಜೆ ಮಾಡಿಕೊಡಿ ಎಂದು. ಹೆಂಗಸರೇ ಮಾಡಬೇಕಾದದ್ದು — ಕತ್ತಲಲ್ಲಿ, ಮೈಮೇಲೆ ಬಟ್ಟೆಯಿಲ್ಲದೆ, ಹೊಲದ ನಡುವೆ ಬಾಳೆಗಿಡ ನೆಟ್ಟು. ಗಂಡಸರು ಬಾಗಿಲು ಹಾಕಿಕೊಂಡು ಒಳಗಿರಬೇಕು. ಹಾಡು ಎಷ್ಟು ಹಸಿಯೋ ಮಳೆ ಅಷ್ಟು.

ಅಜ್ಜಿ ಎಲೆಯಡಿಕೆ ಉಗಿದು ಕೇಳಿದಳು.

"ಯಾವ ಹಾಡು ಹೇಳೋಣ ಮಗಾ? ನೀನು ಉಳಿಸಿದ್ದೋ, ಕಿತ್ತಿದ್ದೋ?"

"ಅಲ್ಲಿ ಏನಾದ್ರೂ ಹೇಳ್ಕೊಳ್ಳಿ ಅಜ್ಜಿ. ಗಂಡಸರ ಕಿವಿಗೆ ಬೀಳಲ್ವಲ್ಲ."

"ಹಾಗಾದ್ರೆ ಹೊಲಸು ಹಾಡಲ್ಲಿಲ್ಲ. ನಿನ್ ಕಿವೀಲಿದೆ."

ಸ್ಟೇಜಿಲ್ಲದೆ ಹುದುಮನಿಲ್ಲ ಎಂದೆ ನಾನು. ಅವರು ಹೆಂಡತಿಯತ್ತ ನೋಡಿದರು. ಮಿನತಿ ನಮ್ಮ ತಂಡದವಳೇ. ಸೆರಗು ಸರಿಮಾಡಿಕೊಂಡಳು, ನಮ್ಮ ಪಕ್ಕದಿಂದ ಏಳಲಿಲ್ಲ.

ಜ್ಯೇಷ್ಠ 12

ಮೋಡ. ಮಳೆ ಬಂದುಬಿಟ್ಟರೆ ಅವರಿಗೆ ನಾವು ಬೇಡ. ಬರಬೇಡ ಅನ್ನಲಾರೆ, ಬಾಡಿದ ಸಸಿ ನಮ್ಮವೂ ಹೌದು. ಅಜ್ಜಿಗೆ ಚಿಂತೆಯಿಲ್ಲ.

"ಅದು ಗಂಡು ಮೋಡ ಕಣೇ. ಗುಡುಗುತ್ತೆ, ಹೋಗುತ್ತೆ."

ಗುಡುಗಿತು. ಹೋಯಿತು.

ಜ್ಯೇಷ್ಠ 16, ಮುಸ್ಸಂಜೆ

ಒಪ್ಪಿದರು! ಸೆಣಬು ಬೆಳೆಯುವವರೆಲ್ಲ ಹೋಗಿ ಕಮಿಟಿಯ ಬಾಗಿಲಲ್ಲಿ ಕೂತರಂತೆ, ಮಿನತಿ ಮನೆಯಲ್ಲಿ ಮಾತೇ ಬಿಟ್ಟಿದ್ದಳಂತೆ. ಸಂತೆಯಲ್ಲಿ ಎಲ್ಲರೆದುರು ದ್ವಿಜೇನ್ ಬಾಬು ಬಾಯಿಬಿಟ್ಟು ಹೇಳಿದರು — ಸ್ಟೇಜು ಹೆಂಗಸರದು, ಹಾಡು ಪೂರ್ತಿ.

ಅಜ್ಜಿ ಈಗ ನಮಗೆ ಷರತ್ತು ಹಾಕಿದಳು. ಹುದುಮನೆದುರು ಪ್ರತಿಯೊಬ್ಬಳೂ ತನ್ನದೇ ಸಾಲು ಹಾಡಬೇಕು. "ಎರವಲು ಆಸೆಗೆ ಅವನು ಏಳಲ್ಲ" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮನೆಗೆ ಬಂದು ಮೈಗೆ ನೀರು ಹೊಯ್ದುಕೊಂಡೆ. ಬೆನ್ನ ಮೇಲೆ ತಣ್ಣಗೆ ಇಳಿಯುತ್ತಿದ್ದಂತೆ... ಸಾಲು ಬಂತು. ತಾನಾಗಿ. ಗಟ್ಟಿಯಾಗಿ ಹೇಳಿಯೇಬಿಟ್ಟೆ. ಬೇಲಿ ಮೇಲಿನ ಕಾಗೆ ತಿರುಗಿ ನೋಡಿತು.

ಇಲ್ಲಿ ಬರೆಯುವುದಿಲ್ಲ. ಅದು ಹೊಲಕ್ಕೆ ಸೇರಿದ್ದು.

ಮುಂದೆ ಸೇರುವುದು ಮಿನತಿಯ ಬೀಳುಹೊಲದಲ್ಲಿ. ಗಂಡಸರು ಬಾಗಿಲು ಹಾಕಿಕೊಳ್ಳಲಿ. ಶನಿವಾರ, ಅಮಾವಾಸ್ಯೆ, ರಾತ್ರಿ ಎಂಟಕ್ಕೆ ಹುದುಮನ ಪೂಜೆ.