ಶುಕ್ರವಾರ ಬೀಳುವ ಗೆರೆ

೧೨-೩-೧೯೯೮, ಗುರುವಾರ
ಡೊಂಬಿವಲಿ

ದಯಾನಂದನ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ಠಾಣೆಯ ಕಾಲೇಜಿನಲ್ಲಿ, ಇಡೀ ಎಂ.ಬಿ.ಎ. ತರಗತಿಯೆದುರು, ನಮ್ಮಿಬ್ಬರ ಪ್ರಾಜೆಕ್ಟಿನ ಬಗ್ಗೆ ಸರ್‌ಗೆ ಹೇಳಿದ: "ಗ್ರಾಫ್ ಎಲ್ಲ ನಂದೇ ಸರ್. ಗುರುನಾಥ ಬರೀ ಟೈಪ್ ಮಾಡಿದ್ದು."

ಬರೀ ಟೈಪಂತೆ! ಇಲ್ಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ವಾಸು ಅಣ್ಣನ ಹೋಟೆಲಿನಲ್ಲಿ ಚಳಿಗಾಲವೆಲ್ಲ ಕೂತು ದಿನದಿನದ ವ್ಯಾಪಾರ ಬರೆದುಕೊಂಡವನು ನಾನು. ಅದನ್ನು ಕಂಪ್ಯೂಟರಿನಲ್ಲಿ ಏರಿಳಿಯುವ ಗೆರೆಯಾಗಿಸಿದವನೂ ನಾನು. ದೂರದ ನವಿ ಮುಂಬಯಿಯ ಸೀವುಡ್ಸ್‌ನಲ್ಲಿರುವ ಅವನು ಆ ಹೋಟೆಲಿನ ಚಹಾ ಕೂಡ ಕುಡಿದಿಲ್ಲ.

ಸಂಜೆ ಸ್ಟೇಷನ್ನಿನಲ್ಲಿ ಏನೂ ಆಗದವನಂತೆ ಹೆಗಲ ಮೇಲೆ ಕೈ ಹಾಕಿದ. "ಮಾರಾಯ, ಗೆರೆ ಪ್ರತಿ ಶುಕ್ರವಾರ ಕೆಳಗೆ ಬೀಳ್ತದಲ್ಲ, ಯಾಕೆ? ನಾಳೆ ಹೊರಗಿನ ಪರೀಕ್ಷಕರು ಕೇಳಿದ್ರೆ?"

ಚಿಕ್ಕಂದಿನಲ್ಲಿ ನನ್ನ ಅಜ್ಜಿ ಕತೆ ಹೇಳುವ ಮೊದಲು ದನಿ ಇಳಿಸುತ್ತಿದ್ದಳು. ನಾನೂ ಇಳಿಸಿದೆ. "ಸಂತೋಷಿ ಮಾತಾನ ಉಪವಾಸ ಅಲ್ಲೇನೋ? ಅವತ್ತ ಮಂದಿ ಹೊರಗ ಉಣ್ಣಂಗಿಲ್ಲ." ಇಡ್ಲಿ ತಟ್ಟೆಯನ್ನು ಕಣ್ಣೀರಿಡುತ್ತ ಹಿಂದೆ ಸರಿಸಿದ ಒಬ್ಬ ಹೆಂಗಸನ್ನೂ ಸೇರಿಸಿದೆ. ಪಾಪ, ಹೂಂಗುಟ್ಟುತ್ತ ಕೇಳಿದ.

ನಿಜವಾದ ಕಾರಣವೇ ಬೇರೆ: ಇಲ್ಲಿಯ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ. ಕೆಲಸಗಾರರೇ ಇಲ್ಲದ ಮೇಲೆ ಹೋಟೆಲಿಗೆ ಯಾರು ಬರಬೇಕು? ಎಂಐಡಿಸಿಯ ಬೆಕ್ಕಿಗೂ ಗೊತ್ತಿರುವ ಸಂಗತಿ.

ಪರೀಕ್ಷಕರೆದುರು ಅವನು ಉಪವಾಸದ ಕತೆ ಮುಗಿಸುವವರೆಗೆ ಸುಮ್ಮನಿರುತ್ತೇನೆ. ಆ ಹೆಂಗಸಿನ ಕಣ್ಣೀರನ್ನೂ ಹೇಳಲಿ. ಆಮೇಲೆ ಹಿಂದಿನ ಬೆಂಚಿನಿಂದ ಕೈ ಎತ್ತುತ್ತೇನೆ. ಪರೀಕ್ಷಕರಿಗೆ ಅನುಮಾನ ಬಂದರೆ ಇಲ್ಲಿಗೇ ಕರೆತಂದು ಮುಚ್ಚಿದ ಗೇಟುಗಳನ್ನು ತೋರಿಸಬಹುದು. ನಾಳೆಯೂ ಶುಕ್ರವಾರವೇ.

ಬಿಳಿ ಶರ್ಟ್ ಇಸ್ತ್ರಿ ಮಾಡಿಟ್ಟಿದ್ದೇನೆ. ನಿದ್ದೆ ಮಾತ್ರ ಬರುತ್ತಿಲ್ಲ.